ಗದ್ದೆಯ ಅನ್ನ, ಬೆದ್ದಲ ರೊಟ್ಟಿ

ಹಾನಗಲ್ಲಿನ ಹಿರಿಯರನ್ನು ಕೇಳಿದರೆ ತಮ್ಮ ಊರೇ ಮಹಾಭಾರತದ ವಿರಾಟನಗರ ಎನ್ನುತ್ತಾರೆ. ಶಾಸನಗಳಲ್ಲೂ ಈ ಊರಿಗೆ ವಿರಾಟನಕೋಟೆ, ವಿರಾಟನಗರಿ ಎಂಬ ಹೆಸರುಗಳಿವೆ. ಈ ನಂಬಿಕೆಯ ಪ್ರಕಾರ ಅಜ್ಞಾತವಾಸದ ಒಂದು ವರ್ಷ ಭೀಮಸೇನ ವಲಲ ಎಂಬ ಹೆಸರಿನಲ್ಲಿ ಸೌಟು ಹಿಡಿದು ನಿಂತದ್ದು ಇಲ್ಲಿಯ ಅರಮನೆಯ ಅಡುಗೆಮನೆಯಲ್ಲಿ.

ಪುರಾಣದ ಅಡುಗೆಮನೆ ಹಾಗಿರಲಿ. ಸುಮಾರು ಒಂಬೈನೂರು ವರ್ಷಗಳ ಹಿಂದೆ, ಹಾನಗಲ್ಲು ಪಾನುಂಗಲ್ಲು ಎನಿಸಿಕೊಂಡು ಕದಂಬರ ಒಂದು ಶಾಖೆಯ ರಾಜಧಾನಿಯಾಗಿದ್ದಾಗ, ತಾರಕೇಶ್ವರ ಗುಡಿಯ ಕಮಲದ ಛತ್ತನ್ನು ಶಿಲ್ಪಿಗಳು ಕಡೆಯುತ್ತಿದ್ದಾಗ, ಈ ಸೀಮೆಯ ಜನ ಏನು ಉಣ್ಣುತ್ತಿದ್ದರು? ಮಧ್ಯಾಹ್ನ ಉಳಿ ಕೆಳಗಿಟ್ಟ ಶಿಲ್ಪಿಯ ಮುಂದೆ ಏನಿತ್ತು? ಗರ್ಭಗುಡಿಯಲ್ಲಿ ದೇವರ ಮುಂದೆ ಏನಿತ್ತು? ಎರಡೂ ಒಂದೇ ಆಗಿರಲಿಲ್ಲ. ಈ ನಾಡಿನ ಊಟದ ಇತಿಹಾಸವೆಂದರೆ ಬಹುಮಟ್ಟಿಗೆ ಆ ಎರಡು ಎಲೆಗಳ ನಡುವಿನ ಅಂತರದ ಇತಿಹಾಸ.

ಆ ಅಂತರವನ್ನು ಗುರುತಿಸಿ, ಅದರ ಮೇಲೆ ಒಂದು ಕಾವ್ಯವನ್ನೇ ಬರೆದವನೂ ಇದೇ ನೆಲದವನು ಎಂಬುದು ಗಮನಾರ್ಹ.

ಎರಡು ನೆಲ, ಎರಡು ಎಲೆ

ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು - ಈ ನಾಲ್ಕೂ 1997ರಲ್ಲಿ ಧಾರವಾಡದಿಂದ ಬೇರೆಯಾದ ಹಾವೇರಿ ಜಿಲ್ಲೆಗೆ ಸೇರಿದವು. ನಕ್ಷೆಯಲ್ಲಿ ಅಕ್ಕಪಕ್ಕದಲ್ಲಿದ್ದರೂ ನೆಲದ ಗುಣದಲ್ಲಿ ಒಂದಲ್ಲ. ಹಾನಗಲ್ಲಿನ ಪಶ್ಚಿಮಕ್ಕೆ ಮಲೆನಾಡಿನ ಸೆರಗು. ಅಲ್ಲಿ ಮಳೆ ಹೆಚ್ಚು, ಕೆರೆಗಳು ಹೆಚ್ಚು, ಧರ್ಮಾ ಮತ್ತು ವರದಾ ನದಿಗಳ ನೀರೂ ಉಂಟು. ಆದ್ದರಿಂದ ಭತ್ತ. ಪೂರ್ವಕ್ಕೆ ಸವಣೂರಿನ ಕಡೆ ಸಾಗಿದಂತೆ ಮಳೆ ಇಳಿಯುತ್ತದೆ, ಎರೆಮಣ್ಣು ಶುರುವಾಗುತ್ತದೆ. ಅಲ್ಲಿ ಹತ್ತಿ, ಜೋಳ. ಶಿಗ್ಗಾಂವಿ ಮತ್ತು ಹಿರೇಕೆರೂರು ನಡುವಿನ ಸೀಮೆಗಳು. ಒಂದೇ ಊರಿನಲ್ಲಿ ಕೆರೆಯ ಕೆಳಗೆ ಗದ್ದೆ, ಕೆರೆಯ ಮೇಲೆ ಒಣಹೊಲ ಕಾಣಬಹುದು.

ಈ ವ್ಯತ್ಯಾಸ ಹೊಸದಲ್ಲ. ಹಳೆಯ ದಾನಶಾಸನಗಳನ್ನು ಓದುವವರಿಗೆ ಮತ್ತೆ ಮತ್ತೆ ಎದುರಾಗುವ ಜೋಡಿಪದ 'ಗದ್ದೆ ಬೆದ್ದಲೆ'. ಗದ್ದೆ ನೀರುಣ್ಣುವ ಭೂಮಿ, ಬೆದ್ದಲೆ ಮಳೆಯನ್ನೇ ನಂಬಿದ ಒಣಭೂಮಿ. ದಾನ ಕೊಡುವವರು ಎಷ್ಟು ಮತ್ತರು ಗದ್ದೆ, ಎಷ್ಟು ಮತ್ತರು ಬೆದ್ದಲೆ, ಎಷ್ಟು ತೋಟ ಎಂದು ಬೇರೆ ಬೇರೆಯಾಗಿ ಕೆತ್ತಿಸುತ್ತಿದ್ದರು. ಒಂದರ ಬೆಲೆ ಇನ್ನೊಂದಕ್ಕಿಲ್ಲ ಎಂಬುದು ಎಲ್ಲರಿಗೂ ತಿಳಿದಿತ್ತು. ಗದ್ದೆಯಿಂದ ಅಕ್ಕಿ ಬಂತು. ಅದು ಗುಡಿಗೆ, ಅಗ್ರಹಾರಕ್ಕೆ, ಅರಮನೆಗೆ ಹೋಯಿತು. ಬೆದ್ದಲೆಯಿಂದ ಜೋಳ, ನವಣೆ, ಸಾಮೆ, ಹಾರಕ, ರಾಗಿ ಬಂದವು. ಅವು ಉತ್ತವರ ಮನೆಯಲ್ಲಿ ಉಳಿದವು.

ಹಳ್ಳೂರಿನ ಒಲೆ

ಆದರೆ ಅಕ್ಕಿಗಿಂತ ಮೊದಲು ಇಲ್ಲಿಯವರು ಏನು ಉಣ್ಣುತ್ತಿದ್ದರು? ಉತ್ತರ ಸಿಕ್ಕಿರುವುದು ತುಂಗಭದ್ರೆಯ ದಂಡೆಯ ಹಳ್ಳೂರಿನಲ್ಲಿ. ಹಿರೇಕೆರೂರು ತಾಲೂಕಿನ ಹಳ್ಳಿಯೆಂದೇ ಪುಸ್ತಕಗಳಲ್ಲಿ ಹೆಸರಾದ ಈ ಊರಿನ ದಿಬ್ಬವನ್ನು 1965ರ ಸುಮಾರಿಗೆ ಪುರಾತತ್ತ್ವಜ್ಞ ಎಂ.ಎಸ್. ನಾಗರಾಜರಾವ್ ಅಗೆಸಿದರು. ನವಶಿಲಾಯುಗದಿಂದ ಕಬ್ಬಿಣದ ಯುಗದವರೆಗೆ ಜನ ಒಂದೇ ಜಾಗದಲ್ಲಿ ಬಾಳಿದ ಕುರುಹುಗಳು ಪದರ ಪದರವಾಗಿ ಹೊರಬಂದವು. ಒಲೆಯ ಬೂದಿಯಲ್ಲಿ ಸುಟ್ಟು ಕರಿಕಾದ ಕಾಳುಗಳೂ ಇದ್ದವು.

ಕಾಳು ಸುಟ್ಟರೆ ಕೊಳೆಯುವುದಿಲ್ಲ. ಮೂರು ಸಾವಿರ ವರ್ಷ ಕಳೆದರೂ ಅದರ ಆಕಾರ ಉಳಿಯುತ್ತದೆ. ಹೀಗೆ ಉಳಿದ ಕಾಳುಗಳ ಪರೀಕ್ಷೆಯಿಂದ ತಿಳಿದದ್ದೇನೆಂದರೆ, ದಕ್ಷಿಣ ಭಾರತದ ಮೊದಲ ರೈತರ ಮುಖ್ಯ ಬೆಳೆಗಳು ಕೊರಲೆಯಂಥ ಸಣ್ಣ ಧಾನ್ಯಗಳು, ಜೊತೆಗೆ ಹುರುಳಿ ಮತ್ತು ಹೆಸರು. ಇವು ಹೊರಗಿನಿಂದ ಬಂದ ಬೆಳೆಗಳಲ್ಲ, ಈ ನೆಲದಲ್ಲೇ ಪಳಗಿಸಿದವು. ಹಳ್ಳೂರಿನಲ್ಲಿ ರಾಗಿಯೂ ಸಿಕ್ಕಿತು; ಅದನ್ನು ದೇಶದ ಹಳೆಯ ರಾಗಿ ಕುರುಹುಗಳಲ್ಲಿ ಒಂದೆಂದು ವಿದ್ವಾಂಸರು ಎಣಿಸುತ್ತಾರೆ. ದನ, ಕುರಿ, ಮೇಕೆಗಳ ಎಲುಬುಗಳೂ ದೊರೆತವು. ಕಾಳಿನ ಗಂಜಿ, ಹುರುಳಿಯ ಸಾರು, ಹಾಲು, ಮಾಂಸ - ಇದು ಹಳ್ಳೂರಿನವರ ಊಟ.

ಕುತೂಹಲದ ಸಂಗತಿಯೆಂದರೆ, ಈಗ ನಾವು 'ನಮ್ಮದು' ಎಂದು ಹೆಮ್ಮೆಪಡುವ ರಾಗಿ, ಜೋಳ ಎರಡರ ತವರೂ ಆಫ್ರಿಕ. ಸಮುದ್ರ ದಾಟಿ ಬಂದ ಅವು ಇಲ್ಲಿಯ ಬೆದ್ದಲೆಗೆ ಎಷ್ಟು ಒಗ್ಗಿಕೊಂಡವೆಂದರೆ, ಮೊದಲಿನಿಂದಲೂ ಇಲ್ಲೇ ಇದ್ದ ಕೊರಲೆ ಹಿಂದೆ ಸರಿಯಿತು. ಸವಣೂರಿನ ದೊಡ್ಡಹುಣಸೆ ಮಠದ ಆವರಣದಲ್ಲಿರುವ ಮೂರು ದೈತ್ಯ ಮರಗಳೂ ಅಂಥವೇ. ಜನ ಅವನ್ನು ದೊಡ್ಡ ಹುಣಸೆ ಎಂದು ಕರೆಯುತ್ತಾರೆ. ನಿಜದಲ್ಲಿ ಅವು ಆಫ್ರಿಕದ ಬಾವೊಬಾಬ್ ಮರಗಳು. ಎಲ್ಲಿಂದ ಬಂದವೆಂಬುದು ಮರೆತುಹೋಗಿ, ಈಗ ಊರಿನ ಗುರುತೇ ಆಗಿವೆ.

ಅರಸನ ಎಲೆ

ಕಲ್ಯಾಣದ ಚಾಲುಕ್ಯರ ಕಾಲಕ್ಕೆ ಬಂದರೆ ಅರಸರ ಊಟದ ವಿವರ ಕೈತುಂಬ ಸಿಗುತ್ತದೆ. ಹಾನಗಲ್ಲಿನ ಕದಂಬರು ಈ ಚಾಲುಕ್ಯರ ಸಾಮಂತರು. ಚಕ್ರವರ್ತಿಯ ಅಡುಗೆಮನೆಯ ರೂಢಿಗಳನ್ನು ಸಾಮಂತರು ಅನುಕರಿಸುವುದು ಎಲ್ಲ ಕಾಲದಲ್ಲೂ ಇದ್ದದ್ದೇ.

ಆ ವಂಶದ ಮೂರನೆಯ ಸೋಮೇಶ್ವರ 1129ರ ಸುಮಾರಿಗೆ ಸಂಸ್ಕೃತದಲ್ಲಿ ರಚಿಸಿದ 'ಮಾನಸೋಲ್ಲಾಸ' ಒಂದು ವಿಶ್ವಕೋಶ. ಆನೆ ಪಳಗಿಸುವುದರಿಂದ ಹಿಡಿದು ಸಂಗೀತದವರೆಗೆ ಅರಸನಿಗೆ ತಿಳಿದಿರಬೇಕಾದದ್ದೆಲ್ಲ ಅದರಲ್ಲಿದೆ. ಅದರ 'ಅನ್ನಭೋಗ' ಎಂಬ ಭಾಗ ಊಟಕ್ಕೇ ಮೀಸಲು. ಅಕ್ಕಿಯ ಹಲವು ತಳಿಗಳು, ಕೆಂಪಕ್ಕಿ, ಪರಿಮಳದ ಅಕ್ಕಿ; ಅನ್ನ ಬಸಿಯುವ ಕ್ರಮ; ತೊವ್ವೆ, ತುಪ್ಪ, ಮೊಸರು; ಹೋಳಿಗೆ, ಮಂಡಿಗೆ, ವಡೆ, ಹಪ್ಪಳ; ದೋಸೆಯ ಪೂರ್ವಜ 'ಧೋಸಕ', ಇಡ್ಲಿಯ ಪೂರ್ವಜ 'ಇಡ್ಡರಿಕಾ' ಎಲ್ಲವೂ ಅಲ್ಲಿವೆ. ಆ ಇಡ್ಡರಿಕಾಕ್ಕೆ ಅಕ್ಕಿ ಇರಲಿಲ್ಲ. ಬರೀ ಉದ್ದಿನ ಹಿಟ್ಟು, ಮೇಲೆ ಮೆಣಸು, ಜೀರಿಗೆ, ಇಂಗು. ಮಾಂಸದಡುಗೆಯ ಪಟ್ಟಿ ಇನ್ನೂ ಉದ್ದ. ಹಂದಿ, ಮೀನು, ಆಮೆಯ ಜೊತೆಗೆ ಹೊಲದಲ್ಲಿ ಹಿಡಿದ ಇಲಿಯನ್ನು ಹುರಿಯುವ ವಿಧಾನವನ್ನೂ ಅರಸ ಸಂಕೋಚವಿಲ್ಲದೆ ಬರೆದಿದ್ದಾನೆ.

ಕನ್ನಡದಲ್ಲಿ ಇದಕ್ಕಿಂತ ಹಳೆಯ ಉಲ್ಲೇಖಗಳಿವೆ. ಕ್ರಿ.ಶ. 920ರ ಸುಮಾರಿನ 'ವಡ್ಡಾರಾಧನೆ'ಯಲ್ಲಿ ಮನೆಗೆ ಬಂದ ಬ್ರಹ್ಮಚಾರಿಗೆ ಬಡಿಸಿದ ತಿನಿಸುಗಳ ಸಾಲಿನಲ್ಲಿ 'ಇಡ್ಡಲಿಗೆ' ಬರುತ್ತದೆ. 1025ರ ಸುಮಾರಿಗೆ ಎರಡನೆಯ ಚಾವುಂಡರಾಯ ಬರೆದ 'ಲೋಕೋಪಕಾರ'ದಲ್ಲಿ ಉದ್ದನ್ನು ಮಜ್ಜಿಗೆಯಲ್ಲಿ ನೆನೆಸಿ, ನುಣ್ಣಗೆ ರುಬ್ಬಿ, ಮೊಸರಿನ ತಿಳಿಯನ್ನೂ ಸಂಬಾರವನ್ನೂ ಸೇರಿಸುವ ಕ್ರಮ ಉಂಟು. ಐದು ಶತಮಾನ ಕಳೆದ ಮೇಲೆ, 16ನೇ ಶತಮಾನದ ಆರಂಭದಲ್ಲಿ, ಮೂರನೆಯ ಮಂಗರಸ ಅಡುಗೆಯನ್ನೇ ವಸ್ತುವಾಗಿಸಿ 'ಸೂಪಶಾಸ್ತ್ರ'ವನ್ನು ಷಟ್ಪದಿಯಲ್ಲಿ ಹಾಡಿದ. ಅಡುಗೆಯ ಬಗ್ಗೆ ಇಷ್ಟು ಬರೆದ ಭಾಷೆಗಳು ಹೆಚ್ಚಿಲ್ಲ.

ಈ ಯಾವ ಗ್ರಂಥದಲ್ಲೂ ಒಣಮೆಣಸಿನಕಾಯಿ ಇಲ್ಲ. ಆಲೂಗಡ್ಡೆ, ಟೊಮ್ಯಾಟೊ, ಶೇಂಗಾ, ಗೋವಿನಜೋಳವೂ ಇಲ್ಲ. ಅವೆಲ್ಲ ಅಮೆರಿಕ ಖಂಡದ ಸಸ್ಯಗಳು. 16ನೇ ಶತಮಾನದಲ್ಲಿ ಪೋರ್ಚುಗೀಸರ ಹಡಗುಗಳು ಗೋವೆಯ ದಂಡೆಗೆ ಬರುವವರೆಗೆ ಈ ನಾಡಿನ ಖಾರವೆಂದರೆ ಕರಿಮೆಣಸು, ಹಿಪ್ಪಲಿ, ಶುಂಠಿ. ಹುಳಿಯೆಂದರೆ ಹುಣಸೆ, ನೆಲ್ಲಿ, ನಿಂಬೆ, ಹುಳಿಮಜ್ಜಿಗೆ. ವಲಲನ ಅಡುಗೆಮನೆಯಲ್ಲಿ ಏನಿದ್ದರೂ ಬ್ಯಾಡಗಿ ಮೆಣಸಿನಕಾಯಿಯಂತೂ ಇರಲಿಲ್ಲ!

ದೇವರ ಎಲೆ

ಅರಸನ ಎಲೆಯ ಪಕ್ಕದಲ್ಲೇ ದೇವರ ಎಲೆ. ದೇವರ ಅಂಗಭೋಗ, ರಂಗಭೋಗ, ನೈವೇದ್ಯ, ನಂದಾದೀವಿಗೆಗಳಿಗೆ ಬಿಟ್ಟ ದತ್ತಿಗಳು ಈ ಸೀಮೆಯ ಶಾಸನಗಳ ಮುಖ್ಯ ವಿಷಯ. ಅಕ್ಕಿಯನ್ನು ಮಾನ, ಬಳ್ಳ, ಕೊಳಗಗಳಲ್ಲಿ ಅಳೆದರೆ, ಎಣ್ಣೆ ತುಪ್ಪಗಳನ್ನು ಸೊಲ್ಲಿಗೆಯಲ್ಲಿ ಅಳೆಯುತ್ತಿದ್ದರು. ಗಾಣದ ಎಣ್ಣೆಯಲ್ಲಿ ಒಂದು ಪಾಲು, ಸಂತೆಗೆ ಬಂದ ಅಡಕೆ ಎಲೆಯ ಹೇರಿನಲ್ಲಿ ಒಂದು ಪಾಲು ದೇವರಿಗೆ ಸಲ್ಲಬೇಕೆಂದು ವರ್ತಕರೇ ಕೂಡಿ ಗೊತ್ತುಮಾಡುತ್ತಿದ್ದರು. ಸತ್ರದಲ್ಲಿ ತಪಸ್ವಿಗಳಿಗೆ, ವಿದ್ಯಾರ್ಥಿಗಳಿಗೆ, ದಾರಿಹೋಕರಿಗೆ ಅನ್ನ ಹಾಕುವುದು ದೊಡ್ಡ ಪುಣ್ಯ. ಜೈನರ ಚತುರ್ವಿಧ ದಾನಗಳಲ್ಲಿ ಆಹಾರದಾನಕ್ಕೂ ಸ್ಥಾನವಿದೆ.

ಊಟವನ್ನು ಕೊಡುವುದು ಪುಣ್ಯವಾಗಿದ್ದ ಕಾಲದಲ್ಲಿ ಊಟವನ್ನು ಬಿಡುವುದೂ ಪುಣ್ಯವಾಗಿತ್ತು. ಶಿಗ್ಗಾಂವಿ ತಾಲೂಕಿನ ಬಂಕಾಪುರ ಆಗ ಪ್ರಸಿದ್ಧ ಜೈನ ಕೇಂದ್ರ. ಗುಣಭದ್ರರ 'ಉತ್ತರಪುರಾಣ' ಅಲ್ಲಿ 9ನೇ ಶತಮಾನದ ಕೊನೆಗೆ ಮುಗಿಯಿತು. ಗಂಗ ವಂಶದ ಅರಸ ಮಾರಸಿಂಹ ರಾಜ್ಯ ತ್ಯಜಿಸಿ, 974ರ ಸುಮಾರಿಗೆ ಇದೇ ಬಂಕಾಪುರದಲ್ಲಿ ಅಜಿತಸೇನ ಮುನಿಗಳ ಸನ್ನಿಧಿಯಲ್ಲಿ ಸಲ್ಲೇಖನ ವ್ರತ ಹಿಡಿದು, ಅನ್ನ ನೀರು ಬಿಟ್ಟು ದೇಹ ತ್ಯಜಿಸಿದ. ಹಲವು ಯುದ್ಧಗಳನ್ನು ಗೆದ್ದ ಅರಸನಿಗೆ ಕೊನೆಗೆ ದೊಡ್ಡದೆನಿಸಿದ್ದು ತುಂಬಿದ ಎಲೆಯನ್ನು ಬಿಟ್ಟೇಳುವ ಗೆಲುವು.

ಆದರೆ ಬಿಡಲು ಮೊದಲು ಎಲೆ ತುಂಬಿರಬೇಕಲ್ಲ! ಗದ್ದೆಯಲ್ಲಿ ನಾಟಿ ಮಾಡಿದವರ, ಒಕ್ಕಿದವರ, ಅಕ್ಕಿ ಕುಟ್ಟಿದ ಹೆಂಗಸರ ಎಲೆಯ ಬಗ್ಗೆ ಕಲ್ಲು ಮಾತಾಡುವುದು ಕಡಿಮೆ. ದಾನ ಕೊಟ್ಟವನ ಹೆಸರು, ಪಡೆದವನ ಹೆಸರು, ಭೂಮಿಯ ಎಲ್ಲೆ ಕಲ್ಲಿನ ಮೇಲಿವೆ. ಬೆಳೆದವನ ಊಟವನ್ನು ಕೆತ್ತಿಸುವ ಅಗತ್ಯ ಯಾರಿಗೂ ಇರಲಿಲ್ಲ.

ಜೋಳದ ಋಣ

ಹಾಗಿದ್ದರೂ ಒಂದು ಕಡೆ ಬೆದ್ದಲೆಯ ಧಾನ್ಯ ಕಲ್ಲಿನ ಮೇಲೂ ಕಾವ್ಯದಲ್ಲೂ ಕಾಣಿಸಿಕೊಂಡಿದೆ. ಅದು ವೀರರ ಸಂದರ್ಭದಲ್ಲಿ. ಒಡೆಯನಿಂದ ಜೋಳ ಪಡೆದು ಉಂಡ ಆಳು, ಒಡೆಯನಿಗೆ ಆಪತ್ತು ಬಂದಾಗ ಪ್ರಾಣ ಕೊಟ್ಟು ಆ ಋಣ ತೀರಿಸಬೇಕು. ಇದಕ್ಕೆ ಹಳಗನ್ನಡದಲ್ಲಿ 'ಜೋಳದ ಪಾಳಿ', 'ಜೋಳವಾಳಿ' ಎಂಬ ಹೆಸರು. ಶಾಸನಗಳ ಸಂಸ್ಕೃತಿಯನ್ನು ಅಧ್ಯಯನ ಮಾಡಿದ ಎಂ. ಚಿದಾನಂದಮೂರ್ತಿ ಈ ಪದ್ಧತಿಯನ್ನು ವಿವರವಾಗಿ ಚರ್ಚಿಸಿದ್ದಾರೆ. ಗಡಿಕಾಳಗದಲ್ಲಿ, ತುರುಗಳನ್ನು ಬಿಡಿಸುವ ಕಾಳಗದಲ್ಲಿ ಮಡಿದವರ ವೀರಗಲ್ಲುಗಳು ಈ ತಾಲೂಕುಗಳ ಗುಡಿಗಳ ಅಂಗಳದಲ್ಲಿ, ಕೆರೆಯ ಏರಿಯ ಮೇಲೆ ಇಂದಿಗೂ ನಿಂತಿವೆ. ಅವರಲ್ಲಿ ಎಷ್ಟೋ ಮಂದಿ ಜೋಳದ ಋಣ ತೀರಿಸಿದವರು.

ಒಡೆತನವನ್ನೂ ನಿಷ್ಠೆಯನ್ನೂ ಧಾನ್ಯದಿಂದ ಅಳೆದದ್ದು ಕನ್ನಡ ನಾಡು ಮಾತ್ರವಲ್ಲ. ಅದೇ ಕಾಲದ ಇಂಗ್ಲೆಂಡಿನಲ್ಲಿ, ನಾರ್ಮನ್ನರು ಬರುವ ಮೊದಲು ಆಳುತ್ತಿದ್ದ ಆಂಗ್ಲೋ-ಸ್ಯಾಕ್ಸನ್ನರಲ್ಲಿ, ಒಡೆಯನಿಗೆ 'ಹ್ಲಾಫೋರ್ಡ್' ಎಂಬ ಹೆಸರಿತ್ತು. 'ಹ್ಲಾಫ್' ಎಂದರೆ ರೊಟ್ಟಿ. ಪದದ ಮೂಲಾರ್ಥ ರೊಟ್ಟಿಯ ಕಾವಲುಗಾರ. ಅದೇ ಪದ ಸವೆದು 'ಲಾರ್ಡ್' ಆಯಿತು. ಮನೆಯೊಡತಿ ರೊಟ್ಟಿಯ ಹಿಟ್ಟು ನಾದುವವಳು. ಆ ಪದ 'ಲೇಡಿ' ಆಯಿತು. ಅಲ್ಲಿಯೂ ಬಿಳಿಯ ಗೋಧಿ ರೊಟ್ಟಿ ಉಳ್ಳವರಿಗೆ. ಬಾರ್ಲಿ, ರೈ ಧಾನ್ಯಗಳ ಕಪ್ಪು ರೊಟ್ಟಿ ಬಡವರಿಗೆ. ವೆಸೆಕ್ಸಿನ ಅರಸ ಇನೆ ಏಳನೇ ಶತಮಾನದ ಕೊನೆಗೆ ಮಾಡಿದ ಕಾನೂನಿನಲ್ಲಿ ಹತ್ತು 'ಹೈಡ್' ಭೂಮಿಯಿಂದ ಒಡೆಯನಿಗೆ ಬರಬೇಕಾದ ಪದಾರ್ಥಗಳ ಪಟ್ಟಿಯಿದೆ: 300 ರೊಟ್ಟಿ, 10 ಪಾತ್ರೆ ಜೇನು, 10 ಗಿಣ್ಣದ ಉಂಡೆ, 20 ಕೋಳಿ, 100 ಹಾವುಮೀನು, ಜೊತೆಗೆ ಬಾರ್ಲಿಯ ಮದ್ಯ. ನಮ್ಮ ಶಾಸನಗಳ ಕೊಳಗ, ಸೊಲ್ಲಿಗೆಗಳ ಲೆಕ್ಕವನ್ನು ಓದಿದವರಿಗೆ ಈ ಪಟ್ಟಿ ಅಪರಿಚಿತವೆನಿಸದು. ಎರಡೂ ಕಡೆ ಬರೆದವರು ತೆಗೆದುಕೊಳ್ಳುವವರ ಕಡೆಯವರೇ.

ಕುಡಿಯುವುದಕ್ಕೆ ಏನು?

ಆಂಗ್ಲೋ-ಸ್ಯಾಕ್ಸನ್ನರಿಗೆ ಬಾರ್ಲಿಯ ಮದ್ಯ ನಿತ್ಯದ ಪಾನೀಯ. ಇಲ್ಲಿಯ ಸಾಮಾನ್ಯ ಮನೆಗಳ ನಿತ್ಯಪಾನ ಮಜ್ಜಿಗೆ ಮತ್ತು ಅಂಬಲಿ. ಹೊಲಕ್ಕೆ ಹೋಗುವವನ ಬುತ್ತಿಯಲ್ಲಿ ರೊಟ್ಟಿ, ಹಿಂಡಿ, ಜೊತೆಗೆ ಮಡಕೆಯಲ್ಲಿ ಮಜ್ಜಿಗೆ. ರಾತ್ರಿ ಕಾಸಿಟ್ಟು ಹುಳಿಬಂದ ಅಂಬಲಿ ಬೇಸಿಗೆಯಲ್ಲಿ ಊಟವೂ ಹೌದು, ಪಾನೀಯವೂ ಹೌದು.

ಅರಸರಿಗೆ ಕುಡಿಯುವ ನೀರೂ ಒಂದು ಭೋಗವೇ ಆಗಿತ್ತು. ಯಾವ ಋತುವಿನಲ್ಲಿ ಯಾವ ಮೂಲದ ನೀರು ಕುಡಿಯಬೇಕು, ಅದಕ್ಕೆ ಯಾವ ಪರಿಮಳ ಕೊಡಬೇಕು ಎಂದು ಮಾನಸೋಲ್ಲಾಸ ಹೇಳುತ್ತದೆ. ಊರವರಿಗೆ ಕೆರೆ, ಬಾವಿ. ಹಾನಗಲ್ಲಿನ ಆನೆಕೆರೆ, ಕುಮುದ್ವತಿ ನದಿಗೆ ಅಡ್ಡವಾಗಿ ಮಾಸೂರಿನ ಬಳಿ ಕಟ್ಟಿದ ಮದಗದ ಕೆರೆಯಂಥವು ಜನರ ಬಾಯಾರಿಕೆಗೂ ಗದ್ದೆಗೂ ಆಧಾರ. ಕೆರೆ ಒಡೆದರೆ ಮುಂದಿನ ವರ್ಷ ಅಕ್ಕಿ ಇಲ್ಲ.

ಮದ್ಯವೂ ಇತ್ತು. ದ್ರಾಕ್ಷಿ, ಕಬ್ಬು, ತಾಳೆಯಿಂದ ಮಾಡಿದ ಮದ್ಯಗಳು ಅರಮನೆಗೆ. ಈಚಲ ಹೆಂಡ ಊರಿಗೆ. 12ನೇ ಶತಮಾನದ ಶರಣರ ಸಾಲಿನಲ್ಲಿ ಹೆಂಡದ ಮಾರಯ್ಯ ಎಂಬವನೂ ಇದ್ದಾನೆ ಎಂಬುದು ಆ ಕಸುಬು ಎಷ್ಟು ಸಾಮಾನ್ಯವಾಗಿತ್ತೆಂಬುದಕ್ಕೆ ಸಾಕ್ಷಿ. ಅದೇ ಕಾಲದ ಆಯ್ದಕ್ಕಿ ಲಕ್ಕಮ್ಮ ಮತ್ತು ಮಾರಯ್ಯ ದಂಪತಿಗಳ ಕಾಯಕ, ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು. ಒಂದು ದಿನ ಗಂಡ ಹೆಚ್ಚು ಅಕ್ಕಿ ತಂದಾಗ, ಇದು ನಮ್ಮ ಪಾಲಿನದಲ್ಲವೆಂದು ಲಕ್ಕಮ್ಮ ಹಿಂದಕ್ಕೆ ಕಳಿಸಿದಳೆಂಬ ಕಥೆ ಮನೆಮಾತು. ಉಳ್ಳವರ ಮನೆಯ ಅಂಗಳದಲ್ಲಿ ಚೆಲ್ಲುವಷ್ಟಿದ್ದ ಧಾನ್ಯ, ಬಡವರಿಗೆ ಎಣಿಸಿ ಆಯುವಂಥದ್ದಾಗಿತ್ತು.

ಊಟದ ಕೊನೆಗೆ ಎಲೆಅಡಿಕೆ. ಇದರಲ್ಲಿ ಮಾತ್ರ ಮೇಲು ಕೀಳಿನ ಅಂತರ ಕಡಿಮೆ. ಅರಸನ ತಾಂಬೂಲಕ್ಕೆ ಕರ್ಪೂರ ಕಸ್ತೂರಿ ಇರಬಹುದು, ಆಳಿನದಕ್ಕೆ ಬರೀ ಸುಣ್ಣ. ಆದರೆ ಎಲೆ ಒಂದೇ. ಸವಣೂರಿನ ವೀಳ್ಯದೆಲೆಗೆ ನವಾಬರ ಕಾಲದಿಂದಲೂ ಹೆಸರು. ಪಠಾಣ ಮನೆತನದ ಆ ನವಾಬರ ಸಂಸ್ಥಾನ 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ಎಲೆಯ ಖ್ಯಾತಿ ಮಾತ್ರ ಉಳಿಯಿತು.

ಬಾಡದ ಕವಿಯ ನ್ಯಾಯ

ಶಿಗ್ಗಾಂವಿ ತಾಲೂಕಿನ ಬಾಡ ಗ್ರಾಮ ಕನಕದಾಸರ ಹುಟ್ಟೂರು. ಕುರುಬ ಮನೆತನದಲ್ಲಿ ಹುಟ್ಟಿ ತಿಮ್ಮಪ್ಪನಾಯಕನಾಗಿ ಆಳಿ, ಆಮೇಲೆ ಎಲ್ಲವನ್ನೂ ಬಿಟ್ಟು ಕಾಗಿನೆಲೆಯ ಆದಿಕೇಶವನ ದಾಸನಾದವರು. 16ನೇ ಶತಮಾನದ ಈ ಕವಿಗೆ ಗದ್ದೆ ಮತ್ತು ಬೆದ್ದಲೆಯ ನಡುವಿನ ಅಂತರ ಹುಟ್ಟಿದೂರಿನಲ್ಲೇ ಕಂಡಿತ್ತು. ಅವರ 'ರಾಮಧಾನ್ಯ ಚರಿತ್ರೆ' ಭಾಮಿನಿ ಷಟ್ಪದಿಯ ಪುಟ್ಟ ಕಾವ್ಯ. ಅದರ ನಾಯಕ ಅರಸನಲ್ಲ, ದೇವನಲ್ಲ, ಒಂದು ಧಾನ್ಯ.

ಕಥೆ ಹೀಗಿದೆ. ಲಂಕೆಯಿಂದ ಹಿಂತಿರುಗುವಾಗ ರಾಮ ಪರಿವಾರದೊಡನೆ ಮುನಿಗಳ ಆಶ್ರಮದಲ್ಲಿ ತಂಗುತ್ತಾನೆ. ಊಟದ ನಂತರ ಧಾನ್ಯಗಳಲ್ಲಿ ಯಾವುದು ಮೇಲು ಎಂಬ ಪ್ರಶ್ನೆ ಏಳುತ್ತದೆ. ಒಬ್ಬೊಬ್ಬರು ಒಂದೊಂದನ್ನು ಹೊಗಳುತ್ತಾರೆ. ಗೌತಮ ಮುನಿ ನರೆದಲೆಗನೇ, ಅಂದರೆ ರಾಗಿಯೇ ಮೇಲು ಎನ್ನುತ್ತಾನೆ. ವ್ರೀಹಿಗೆ, ಅಂದರೆ ಭತ್ತಕ್ಕೆ ಇದು ಅವಮಾನ. ತಾನು ದೇವರ ನೈವೇದ್ಯಕ್ಕೆ, ಮದುವೆಯ ಅಕ್ಷತೆಗೆ, ಅರಸರ ಊಟಕ್ಕೆ ಸಲ್ಲುವವನು. ನೀನು ಕೀಳುಜನರ ಆಹಾರ ಎಂದು ಅದು ರಾಗಿಯನ್ನು ಹಳಿಯುತ್ತದೆ. ರಾಗಿ ಸುಮ್ಮನಿರುವುದಿಲ್ಲ. ನೀನು ಉಳ್ಳವರ ಹಿಂದೆ ಹೋಗುವವನು, ಬಡವರ ಕಡೆ ತಿರುಗಿಯೂ ನೋಡದವನು, ಸತ್ತವರ ಬಾಯಿಗೆ ಬೀಳುವ ತುತ್ತೂ ನೀನೇ. ಮಳೆ ಹೋಗಿ ಬರ ಬಂದಾಗ ಜನರ ಜೀವ ಉಳಿಸುವವನು ನಾನು ಎಂದು ಮರುನುಡಿಯುತ್ತದೆ.

ಜಗಳ ರಾಮನ ಮುಂದೆ ಬರುತ್ತದೆ. ರಾಮ ಆ ಕೂಡಲೇ ತೀರ್ಪು ಕೊಡುವುದಿಲ್ಲ. ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಿಸುತ್ತಾನೆ. ಅವಧಿ ಮುಗಿದು ಹೊರತೆಗೆದಾಗ ಭತ್ತ ಕಳೆಗುಂದಿದೆ, ರಾಗಿ ಹಾಗೆಯೇ ಇದೆ. ರಾಮ ಅದಕ್ಕೆ ರಾಘವನೆಂಬ ತನ್ನ ಹೆಸರನ್ನೇ ಕೊಡುತ್ತಾನೆ. ಭತ್ತವನ್ನೂ ಸಂತೈಸಿ ಎರಡನ್ನೂ ಒಂದುಗೂಡಿಸುತ್ತಾನೆ.

ಈ ಸೆರೆ ಕವಿಯ ಬರೀ ಕಲ್ಪನೆಯಲ್ಲ. ಅದು ಪ್ರತಿ ರೈತನ ಮನೆಯಲ್ಲೂ ನಡೆಯುತ್ತಿದ್ದ ಪರೀಕ್ಷೆ. ಸುಗ್ಗಿಯಲ್ಲಿ ಬಂದ ಕಾಳನ್ನು ಮುಂದಿನ ಸುಗ್ಗಿಯವರೆಗೆ ಕಾಯುವುದೇ ಬದುಕಿನ ದೊಡ್ಡ ಚಿಂತೆ. ಉತ್ತರ ಕರ್ನಾಟಕದಲ್ಲಿ ಅದಕ್ಕೆಂದೇ ನೆಲದಲ್ಲಿ ಹಗೇವು ತೋಡುತ್ತಿದ್ದರು. ಸುತ್ತಲೂ ಹುಲ್ಲು ಹೊದಿಸಿ, ಕಾಳು ತುಂಬಿ, ಬಾಯಿ ಮುಚ್ಚಿ ಮಣ್ಣು ಬಳಿದರೆ ಅದು ಕತ್ತಲ ಸೆರೆಮನೆಯೇ. ಆ ಸೆರೆಯಿಂದ ಕೆಡದೆ ಹೊರಬರುವ ಕಾಳೇ ಬರಗಾಲದಲ್ಲಿ ಮನೆಮಂದಿಯನ್ನು ಬದುಕಿಸುವಂಥದ್ದು. ರಾಗಿಯ ಕಾಳು ಸಣ್ಣದು, ಸಿಪ್ಪೆ ಗಟ್ಟಿ, ಹುಳು ಹತ್ತುವುದು ಅಪರೂಪ. ವರ್ಷಗಟ್ಟಲೆ ಇಟ್ಟರೂ ಕೆಡುವುದಿಲ್ಲ. ಯಾರ ಎಲೆಯಲ್ಲಿ ಬಡಿಸುತ್ತಾರೆ ಎಂಬುದರಿಂದ ಧಾನ್ಯದ ಬೆಲೆ ಕಟ್ಟಬಾರದು, ಕಷ್ಟಕಾಲದಲ್ಲಿ ಯಾರನ್ನು ಉಳಿಸುತ್ತದೆ ಎಂಬುದರಿಂದ ಕಟ್ಟಬೇಕು. ರಾಮನ ತೀರ್ಪಿನ ಸಾರ ಇದು. ಮನುಷ್ಯರ ಬೆಲೆಯನ್ನೂ ಹೀಗೆಯೇ ಕಟ್ಟಬೇಕೆಂಬುದು ಕನಕದಾಸರ ಇಂಗಿತ. ಓದಿದವರಿಗೆ ಅದು ಅರ್ಥವಾಗದೆ ಇರಲಿಲ್ಲ.

ಧಾನ್ಯಗಳ ವಿಚಾರದಲ್ಲಿ ಇದೇ ಸೀಮೆಯ ಇನ್ನೊಬ್ಬ ಕವಿಯೂ ಮಾತಾಡಿದ್ದಾನೆ. ಅವನು ಸರ್ವಜ್ಞ. ಹಿರೇಕೆರೂರು ತಾಲೂಕಿನ ಅಬಲೂರು ಮತ್ತು ಈಗ ರಟ್ಟೀಹಳ್ಳಿ ತಾಲೂಕಿಗೆ ಸೇರಿದ ಮಾಸೂರು ಎರಡರೊಡನೆಯೂ ಅವನ ಹೆಸರು ಬೆಸೆದಿದೆ. ಅಕ್ಕಿ ಉಣ್ಣುವವನು ಹೇಗಿರುತ್ತಾನೆ, ಜೋಳ ಉಣ್ಣುವವನು ಹೇಗಿರುತ್ತಾನೆ ಎಂದು ತ್ರಿಪದಿಗಳಲ್ಲಿ ಹೋಲಿಕೆ ಕೊಟ್ಟವನು ಅವನು. ಅಲ್ಲಿಯೂ ಒರಟು ಧಾನ್ಯದ ಪರವೇ ಅವನ ಒಲವು. ಆ ತ್ರಿಪದಿಯ ಮಟ್ಟು, ಬೆಳಗಿನ ಜಾವ ಬೀಸುಕಲ್ಲಿನ ಮುಂದೆ ಕೂತ ಹೆಂಗಸರು ಹಾಡುತ್ತಿದ್ದ ಪದಗಳ ಮಟ್ಟೇ. ಮನೆಮಂದಿಯ ರೊಟ್ಟಿಗೆ ದಿನವೂ ಬೀಸಬೇಕಿತ್ತು. ಹಿಟ್ಟಿನ ಗಿರಣಿ ಬರುವವರೆಗೆ ಈ ದುಡಿಮೆಗೆ ಬಿಡುವಿರಲಿಲ್ಲ.

ತಿರುವುಮುರುವು

ರಾಗಿಯ ಮಾತು ಸುಳ್ಳಲ್ಲವೆಂದು ಬರಗಾಲಗಳು ಮತ್ತೆ ಮತ್ತೆ ತೋರಿಸಿದವು. 1791-92ರ ಬರವನ್ನು ಜನ ಡೋಗಿ ಬರ, ಅಂದರೆ ತಲೆಬುರುಡೆಗಳ ಬರ ಎಂದು ಕರೆದರು. 1876-78ರ ಬರದಲ್ಲಿ ಧಾರವಾಡ ಜಿಲ್ಲೆ ತತ್ತರಿಸಿತು. ಹಗೇವು ಬರಿದಾದಾಗ ಜನ ಗಡ್ಡೆ ಗೆಣಸು, ಸೊಪ್ಪು ಹುಡುಕಿ ಅಡವಿಗೆ ನಡೆದರು. ಹತ್ತಿಗೆ ಒಳ್ಳೆಯ ಬೆಲೆ ಇದ್ದ ವರ್ಷಗಳಲ್ಲಿ ಜೋಳದ ಹೊಲ ಹತ್ತಿಯ ಹೊಲವಾಗಿತ್ತು, ಹತ್ತಿಯನ್ನು ಉಣ್ಣಲಾಗುವುದಿಲ್ಲ.

ಅಷ್ಟರೊಳಗೆ ಹೊಸ ಬೆಳೆಗಳು ಊಟದ ರುಚಿಯನ್ನು ಬದಲಿಸಿಬಿಟ್ಟಿದ್ದವು. ಕರಿಮೆಣಸಿನ ಜಾಗಕ್ಕೆ ಮೆಣಸಿನಕಾಯಿ ಬಂತು. ಪಕ್ಕದ ಬ್ಯಾಡಗಿ ಅದರ ಬಣ್ಣಕ್ಕೆ ಹೆಸರಾಗಿ ಭೌಗೋಳಿಕ ಗುರುತನ್ನೂ ಪಡೆಯಿತು. ಗುರೆಳ್ಳು, ಅಗಸಿ ಹಿಂಡಿಗಳ ಸಾಲಿಗೆ ಶೇಂಗಾ ಹಿಂಡಿ ಸೇರಿತು. ಇಂದು ದೂರದೂರಿನ ನೆಂಟರಿಗೆ ಕಟ್ಟಿಕೊಡುವ 'ಸವಣೂರ ಖಾರ' ಈ ಮೆಣಸಿನಕಾಯಿ ಇಲ್ಲದೆ ಇರಲಾರದು. ಈಚಿನ ದಶಕಗಳಲ್ಲಿ ಹಾವೇರಿ ಜಿಲ್ಲೆಯ ಬೆದ್ದಲೆಯ ಬಹುಭಾಗ ಗೋವಿನಜೋಳದ ಪಾಲಾಗಿದೆ. ಅದು ಮಾರುವ ಬೆಳೆ. ಹೆಚ್ಚಿನ ಪಾಲು ಕೋಳಿ ಮತ್ತು ದನಗಳ ಆಹಾರದ ಕಾರ್ಖಾನೆಗಳಿಗೆ ಹೋಗುತ್ತದೆ.

ಇನ್ನೂ ದೊಡ್ಡ ಬದಲಾವಣೆ ಅಕ್ಕಿಯದು. ನೀರಾವರಿ, ಹೊಸ ತಳಿಗಳು ಮತ್ತು ಪಡಿತರ ಅಂಗಡಿ ಅದನ್ನು ಎಲ್ಲರ ಮನೆಗೂ ತಂದವು. 2013ರಲ್ಲಿ ರಾಜ್ಯ ಸರಕಾರ ಅನ್ನಭಾಗ್ಯ ಯೋಜನೆ ಆರಂಭಿಸಿದ ಮೇಲೆ, ಒಂದು ಕಾಲದಲ್ಲಿ ಹಬ್ಬಕ್ಕೆ ಮಾತ್ರ ಅನ್ನ ಕಾಣುತ್ತಿದ್ದ ಮನೆಗಳಲ್ಲಿ ದಿನವೂ ಅನ್ನ ಬೇಯತೊಡಗಿತು. ಹಸಿವಿನ ನೆನಪಿರುವ ಹಿರಿಯರಿಗೆ ಇದು ಸಣ್ಣ ಸಂಗತಿಯಲ್ಲ. ಗರ್ಭಗುಡಿಯ ಎಲೆಯಲ್ಲಿದ್ದದ್ದು ಕೊನೆಗೂ ಕೂಲಿಯವನ ತಟ್ಟೆಗೆ ಬಂತು.

ಅದೇ ಹೊತ್ತಿಗೆ ಕೀಳೆನಿಸಿಕೊಂಡಿದ್ದ ಧಾನ್ಯಗಳು ಮೇಲೇರಿದವು. ವಿಶ್ವಸಂಸ್ಥೆ 2023ನ್ನು ಅಂತಾರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಸಾರಿತು. ನವಣೆ, ಸಾಮೆ, ಕೊರಲೆ ನಗರದ ಅಂಗಡಿಗಳಲ್ಲಿ ಅಂದದ ಪೊಟ್ಟಣಗಳಲ್ಲಿ ಕೂತು ಅಕ್ಕಿಗಿಂತ ಹೆಚ್ಚು ಬೆಲೆಗೆ ಮಾರಾಟವಾಗುತ್ತವೆ. ಸಕ್ಕರೆ ಕಾಯಿಲೆಯವರಿಗೆ ವೈದ್ಯರೇ ಅವನ್ನು ಸೂಚಿಸುವುದುಂಟು. ಹಳ್ಳೂರಿನ ಒಲೆಯಲ್ಲಿ ಸುಟ್ಟ ಕಾಳು, ಮೂರು ಸಾವಿರ ವರ್ಷಗಳ ನಂತರ ಉಳ್ಳವರ ಊಟದ ಮೇಜಿಗೆ ಬಂದಿದೆ.

ಮೇಲು ಕೀಳು ತಿರುಗುಮುರುಗಾಯಿತೇ ಹೊರತು ಅಳಿಯಲಿಲ್ಲ ಎನ್ನಬೇಕು. ಜೋಳ ಬೆಳೆಯುತ್ತಿದ್ದ ರೈತ ಈಗ ಗೋವಿನಜೋಳ ಮಾರಿ ಪಡಿತರದ ಅಕ್ಕಿ ಉಣ್ಣುತ್ತಾನೆ. ಅವನ ಅಜ್ಜಿ ಬೀಸಿದ ನವಣೆ ಅವನಿಗೇ ದುಬಾರಿ. ಬಾಡದಲ್ಲಿ ಇಂದು ಕನಕದಾಸರ ನೆನಪಿಗೆ ಅರಮನೆಯ ಮಾದರಿಯ ಕಟ್ಟಡ ನಿಂತಿದೆ. ಆದರೆ ಅವರ ಕಾವ್ಯದಲ್ಲಿ ರಾಮ ಎರಡೂ ಧಾನ್ಯಗಳನ್ನು ಒಂದುಗೂಡಿಸಿ ಕಳಿಸಿದ್ದ. ಅನ್ನವೂ ರೊಟ್ಟಿಯೂ ಬೆಳೆದವರ ಎಲೆಯಲ್ಲಿಯೇ ಒಟ್ಟಿಗೆ ಬೀಳುವ ದಿನ ಬಂದರೆ, ಆ ತೀರ್ಪು ಜಾರಿಯಾದಂತೆ.